ಅಪ್ಪನ ಬಲಗೈ

"ಇದೊಂದು ಕೈ ಶರ್ಟಿಗೆ ತೂರಿಸಿದ್ರೆ ಮುಗೀತು. ಯಜಮಾನ್ರೇ, ಸ್ವಲ್ಪ ಕೈ ಎತ್ತುತ್ತೀನಿ," ಎಂದು ಹೆಣಕ್ಕೇ ಹೇಳಿ, ಶವಸಂಸ್ಕಾರದ ಮೇಸ್ತ್ರಿ ಅಪ್ಪನ ಬಲಗೈಯನ್ನು ಮೇಲೆತ್ತಿದ. ಅಗಲವಾದ ಅಂಗೈ ಮಗನ ತಲೆಯ ಮೇಲಕ್ಕೆ ಬಂತು. ಮಗ ತಟ್ಟನೆ ಕುಗ್ಗಿ, ಮೊಣಕೈಯಿಂದ ಮುಖ ಮುಚ್ಚಿಕೊಂಡ.

"ಬಟ್ಟೆ ನಾನೇ ಹಾಕ್ತೀನಿ, ಬೇರೆ ಯಾರೂ ಮುಟ್ಟೋದು ಬೇಡ" ಎಂದು ಬೆಳಿಗ್ಗೆ ಚಿಕ್ಕಪ್ಪಂದಿರ ಬಾಯಿ ಮುಚ್ಚಿಸಿ ಬಂದವನು ಇವನೇ. ಮೂವತ್ತು ದಾಟಿದ ಆಳು, ಲಾರಿ ಓಡಿಸುವವನು. ಸಾರಲ್ಲಿ ಉಪ್ಪು ಕಮ್ಮಿಯಾದರೂ ಏಳುತ್ತಿದ್ದ ಆ ಕೈ ಇನ್ನು ಏಳುವುದಿಲ್ಲ ಎಂದು ಕಣ್ಣಾರೆ ಕಂಡು ಅಮ್ಮನಿಗೆ ಹೇಳಬೇಕಿತ್ತು. ಈಗ ನೋಡಿದರೆ ಅದು ಎದ್ದೇಬಿಟ್ಟಿತ್ತು.

ಮೇಸ್ತ್ರಿ ನಗಲಿಲ್ಲ. "ಸುಮಾರು ಮನೇಲಿ ನೋಡಿದ್ದೀನಿ ಕಣಪ್ಪ. ಹೊರಗೆ ನಿಂತ್ಕೋ ಬೇಕಾದ್ರೆ, ನಾನೇ ಮುಗಿಸ್ತೀನಿ," ಎಂದ. ಮಗ ತಲೆತಗ್ಗಿಸಿ ಬಾಗಿಲ ಕಡೆ ತಿರುಗಿದ. ಕಾಲುಚೀಲ ಕೊಡಲು ಬಂದಿದ್ದ ಅಮ್ಮ ಅಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕಾಲುಚೀಲ ನೆಲಕ್ಕೆ ಬಿದ್ದಿತ್ತು. ಅವಳ ಮೊಣಕೈಯೂ ಮುಖದ ಮೇಲಿತ್ತು.

ಅವನು ಹೆಣ ಮಲಗಿಸಿದ್ದ ಮೇಜಿನ ಬಳಿಗೆ ವಾಪಸು ಬಂದ. ಆ ತಣ್ಣನೆಯ ಮಣಿಕಟ್ಟನ್ನು ಮೇಸ್ತ್ರಿಯಿಂದ ಕಿತ್ತುಕೊಂಡವನಂತೆ ತೆಗೆದುಕೊಂಡು, ಕೆಳಗಿಳಿಸಿ, ಎರಡೂ ಕೈಯಲ್ಲಿ ಮೇಜಿಗೆ ಅದುಮಿ ಹಿಡಿದ.

"ಹಿಡ್ಕೊಂಡಿದ್ದೀನಿ ಕಣಮ್ಮ," ಎಂದ. "ಒಳಗೆ ಬಾ."