ಹಿತ್ತಿಲಲ್ಲಿ ನಿಂತ ಕೊಳವೆ

"ಸಹಿ ಹಾಕಲ್ಲ ಅಂದ್ರೆ ಹಾಕಲ್ಲ!" ಅಕ್ಕ ಕಾಗದವನ್ನು ಮೇಜಿನ ಆಚೆಗೆ ತಳ್ಳಿದಳು.

ಗ್ಯಾಸ್ ಕೊಳವೆ ಕಂಪನಿಯ ಸರ್ವೇಯರು ಬೆವರೊರೆಸಿಕೊಂಡ. ಹೊಸ ಮಾರ್ಗದಲ್ಲಿ ಎಪ್ಪತ್ತು ಕಿಲೋಮೀಟರು ಹೂತಾಗಿತ್ತು. ಉಳಿದದ್ದು ಇವಳ ಹಿತ್ತಿಲೊಂದೇ. "ಆಳದಲ್ಲಿ ಹೂಳ್ತೀವಮ್ಮ. ಮೇಲೆ ನೀವು ಸೊಪ್ಪು ಬೆಳ್ಕೊಳ್ಳಿ. ಪರಿಹಾರಾನೂ ಕೊಡ್ತೀವಿ. ಮಾರ್ಗದ ಪರವಾನಗಿಗೆ ಇವತ್ತೇ ಕೊನೇ ದಿನ."

"ಚಿನ್ನ ಸುರಿದ್ರೂ ಇಲ್ಲ."

ಕಾರಣ ಹಿತ್ತಿಲಲ್ಲಿರಲಿಲ್ಲ, ತಂಗಿಯ ಮನೆಯಲ್ಲಿತ್ತು. ಅಪ್ಪ ಸಾಯುವ ಮುಂಚೆ ದೊಡ್ಡವಳಿಗೆ ಮನೆ, ಚಿಕ್ಕವಳಿಗೆ ಈ ಕಂಪನಿಯ ಷೇರು ಬರೆದಿಟ್ಟಿದ್ದ. ಕಾಗದದ ಚೂರು ಎಂದು ಅಕ್ಕ ಆಗ ನಕ್ಕಿದ್ದಳು. ಆ ನಗು ಬಹಳ ದಿನ ಉಳಿಯಲಿಲ್ಲ. ಗ್ಯಾಸಿನ ಬೆಲೆ ಏರಲಿ ಇಳಿಯಲಿ, ಕೊಳವೆಯಲ್ಲಿ ಹರಿದಷ್ಟಕ್ಕೂ ಕಂಪನಿಗೆ ಬಾಡಿಗೆ. ಮೂರು ತಿಂಗಳಿಗೊಮ್ಮೆ ಷೇರಿದ್ದವರಿಗೆ ಪಾಲು. ತಂಗಿ ಕಿಟಕಿಗೆ ಹೊಸ ಪರದೆ ಹಾಕಿದ ದಿನ ಅಕ್ಕ ಅರ್ಧ ಊಟದಲ್ಲೇ ತಟ್ಟೆ ಸರಿಸಿ ಎದ್ದಿದ್ದಳು. ಅಪ್ಪನ ಮನೆಯ ಮಾಡು ಸೋರಿದಾಗಲೆಲ್ಲ ಗಂಡನ ಮೇಲೆ ಹರಿಹಾಯುವಳು: "ಅವಳು ಕೂತಲ್ಲೇ ತಿಂತಾಳೆ. ನನ್ನ ಹಣೆಬರಹ ನೋಡಿ!"

ಗಂಡ ಲೇತ್ ಕೆಲಸದವನು, ಮಾತಿನಲ್ಲಿ ಬಡವ. ಇತ್ತೀಚೆಗೆ ತನ್ನ ಎರಡು ಲೇತ್ ಯಂತ್ರಗಳಲ್ಲಿ ಒಂದನ್ನು ಮಾರಿದ್ದ, ಮಂಡಿನೋವಿಗೆ ನಿಲ್ಲಲಾಗುವುದಿಲ್ಲವೆಂದು. ಈಗ ಸರ್ವೇಯರನ ಎದುರಿಗೇ ಅವಳ ಕೈ ಹಿಡಿದ.

"ಹಾಕ್ಬಿಡೇ. ನನಗೋಸ್ಕರ."

"ಆಹಾ, ನಾದಿನಿ ಮೇಲೆ ಎಷ್ಟು ಅಕ್ಕರೆ!"

ಅವನ ಮುಖ ಬಿಳಿಚಿಕೊಂಡಿತು. "ಒಂದು ಮಾತು ಕೇಳು..."

"ಒಂದೂ ಕೇಳಲ್ಲ." ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡೇ ವಾರದಲ್ಲಿ ಕಂಪನಿ ಆ ಮಾರ್ಗವನ್ನೇ ಕೈಬಿಟ್ಟಿತು. ಷೇರಿನ ಬೆಲೆ ಕಾಲುಭಾಗಕ್ಕೆ ಕುಸಿಯಿತು. ಗಂಡ ಎರಡು ದಿನ ಊಟಕ್ಕೆ ಏಳಲಿಲ್ಲ. ಅಕ್ಕನಿಗೆ ಅದನ್ನು ವಿಚಾರಿಸಲು ಪುರಸೊತ್ತೆಲ್ಲಿ? ಆ ಸುದ್ದಿಯಿದ್ದ ಪತ್ರಿಕೆಯನ್ನು ಕಂಕುಳಲ್ಲಿಟ್ಟು ತಂಗಿಯ ಮನೆಗೆ ನಡೆದಳು. ಕಣ್ಣೀರು ಒರೆಸುವ ನೆಪ, ನೋಡುವ ಆಸೆ.

ತಂಗಿ ಬಟ್ಟೆ ಮಡಚುತ್ತಿದ್ದಳು. ಕಣ್ಣಲ್ಲಿ ಹನಿಯಿರಲಿಲ್ಲ.

"ನಿನಗೆ ಹೀಗಾಗಬಾರದಿತ್ತು ಕಣೇ," ಎಂದಳು ಅಕ್ಕ, ತಲೆ ಸವರುತ್ತ.

"ನನಗೇನಾಯ್ತಕ್ಕ? ಮಗಳ ಫೀಸಿಗೆ ಬೇಕು ಅಂತ ಮೂರು ತಿಂಗಳ ಹಿಂದೇನೇ ಎಲ್ಲ ಮಾರಿದ್ನಲ್ಲ."

ಸವರುತ್ತಿದ್ದ ಕೈ ನಿಂತಿತು. ಇದರಲ್ಲೂ ಇವಳೇ ಗೆದ್ದಳಲ್ಲ! "ಅಷ್ಟನ್ನೂ ಕೊಂಡ ಪುಣ್ಯಾತ್ಮ ಯಾರೋ?"

ತಂಗಿ ಅವಳ ಮುಖವನ್ನೇ ನೋಡಿದಳು.

"ಭಾವ ಇನ್ನೂ ಹೇಳಿಲ್ವಾ? ಅವರೇ ತಗೊಂಡ್ರು ಅಕ್ಕ, ನಿನ್ನ ಮನಸ್ಸು ತಣ್ಣಗಾಗ್ಲಿ ಅಂತ."