ಬೇಕೆಂದೇ ಸೋತವಳು

ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ತೋರಿಸಲು ಈಗ ಹೆಬ್ಬೆಟ್ಟು ಒತ್ತಿದರೆ ಸಾಲದು. ತಾಲ್ಲೂಕು ಕಚೇರಿಯಲ್ಲಿ ಕೂತು ಒಂದು ಆಟ ಆಡಬೇಕು. ಮನಸ್ಸು ಆಟದಲ್ಲಿ ಮುಳುಗಿದರೆ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ. ಮೂರು ಸಲವೂ ಹತ್ತದಿದ್ದರೆ ಮನೆಯ ಬೀಗದ ಕೈ ಕೊಟ್ಟು ವಿಶ್ರಾಂತಿಧಾಮಕ್ಕೆ ಹೊರಡಬೇಕು.

ಕೆಂಪಮ್ಮಣ್ಣಿಗೆ ಇದು ಮೂರನೆಯ ಸಲ. ಎದುರಿಗೆ ಕಚೇರಿಯ ರೆಹಾನಾ, ನಡುವೆ ಚೌಕಾಬಾರದ ಹಲಗೆ. ದೀಪ ಇನ್ನೂ ಕೆಂಪು.

“ನನ್ನ ಕಾಯಿ ನಿಮ್ಮ ಕೈಗೇ ಸಿಕ್ಕಿದೆ. ಹೊಡೀರಜ್ಜಿ.”

“ಇರ್ಲಿ ಬುಡವ್ವ, ಪಾಪ. ನೀನೇ ಗೆದ್ಕೊ.”

ಅಣ್ಣನಿಗೆ ಸೋತು, ಗಂಡನಿಗೆ ಸೋತು, ಮೊಮ್ಮಕ್ಕಳಿಗೂ ಬೇಕೆಂದೇ ಸೋತು ಬಂದ ಕೈ ಅದು. ರೆಹಾನಾ ನಿಟ್ಟುಸಿರಿಟ್ಟು ಕವಡೆ ಹಾಕಿದಳು. ಮೂರು ಬಿತ್ತು, ಏನೂ ಅರಿಯದವಳಂತೆ ನಾಲ್ಕು ಮನೆ ನಡೆಸಿದಳು.

ಕೆಂಪಮ್ಮಣ್ಣಿಯ ಕೈ ತಟ್ಟನೆ ಅಡ್ಡ ಬಂತು. “ಏಯ್, ಬಿದ್ದಿದ್ದು ಮೂರು ಕಣವ್ವ. ಹಿಂದಕ್ಕಿಡು.” ಸೆರಗು ಸೊಂಟಕ್ಕೆ ಸಿಕ್ಕಿಸಿ, ಕವಡೆ ಕುಲುಕಿ ಎಸೆದು, ರೆಹಾನಾಳ ಕಾಯನ್ನು ಹಲಗೆಯಿಂದಾಚೆಗೆ ಹಾರಿಸಿದಳು.

“ಹಸಿರು ಬಂತಜ್ಜಿ. ಇನ್ನು ಮನೆಗೆ ಹೋಗಬಹುದು,” ಎಂದು ರೆಹಾನಾ ಎದ್ದಳು.

ಅಜ್ಜಿ ದೀಪದ ಕಡೆ ನೋಡಲೇ ಇಲ್ಲ. “ಕೂತ್ಕೊಳವ್ವ. ಕಾಯಿ ಹೊಡೆದೋರು ಇನ್ನೊಂದ್ಸಲ ಹಾಕ್ಬೇಕು.”