ಸೊನ್ನೆ ಬಿದ್ದ ಮನೆಗಳು

ಕನಕಮ್ಮ ಮನೆಮನೆಗೆ ಹೋಗದೆಯೇ ಪಟ್ಟಿ ಬರೆದಿದ್ದಾಳೆ ಎಂದು ನಾಗೇಂದ್ರಪ್ಪ ಮೇಷ್ಟ್ರಿಗೆ ಅನುಮಾನ ಬಂತು.

ಅವರು ಕೂಡ್ಲಿಗಿಯಲ್ಲಿ ಪಿಯುಸಿಗೆ ಜೀವಶಾಸ್ತ್ರ ಕಲಿಸುವವರು. ಅವಳು ಗುಡೇಕೋಟೆ ಕಡೆಯ ಒಂದು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ವಿಜ್ಞಾನ ಪ್ರದರ್ಶನಕ್ಕೆ ಅವಳು ಆರಿಸಿಕೊಂಡ ವಿಷಯ ನಾರುಹುಣ್ಣು. ಆಗಿನ್ನೂ ಎಂಬತ್ತೊಂದನೇ ಇಸವಿ, ಅವಳ ಊರಿನಲ್ಲಿ ಎಷ್ಟೋ ಮಂದಿಯ ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಷ್ಟು ಎಳೆಯಬೇಕು. ತುಂಡಾದರೆ ಕಾಲು ಬಾತು ತಿಂಗಳುಗಟ್ಟಲೆ ಹಾಸಿಗೆ.

ಪಟ್ಟಿಯ ಮೊದಲ ಪುಟಗಳ ತುಂಬ ರೋಗಿಗಳು. ಕೊನೆಯ ಪುಟದ ನಲವತ್ತೆರಡು ಮನೆಗಳ ಮುಂದೆ ಬರೀ ಸೊನ್ನೆ.

"ಈ ಮನಿಗಳಿಗೆ ಹೋಗಿದ್ದೇನವ್ವ?"

"ದಿನಾ ಹೋಗ್ತೀನ್ರಿ ಸರ್."

"ಒಬ್ಬರಿಗೂ ಇಲ್ಲಂದ್ರ ಯಾರು ನಂಬ್ತಾರ? ಈ ಪುಟ ತಗದ್ಹಾಕು."

ಅವಳು ತೆಗೆಯಲಿಲ್ಲ, ವಾದಿಸಲೂ ಇಲ್ಲ. ಕೊನೆಗೆ ಮೇಷ್ಟ್ರೇ ಸೋತು, ಬೆಂಗಳೂರಿನಲ್ಲಿ ಇಂಥ ಹುಳಗಳನ್ನೇ ಅಭ್ಯಾಸ ಮಾಡುವ ಡಾಕ್ಟರೊಬ್ಬರಿಗೆ ಪಟ್ಟಿ ಕಳಿಸಿದರು. ಹದಿನೈದು ದಿನಕ್ಕೆ ನಾಲ್ಕು ಪುಟದ ಉತ್ತರ ಬಂತು.

'ಆ ಪುಟ ತೆಗೆಸಬೇಡಿ. ಉಳಿದದ್ದು ನಮಗೆ ಗೊತ್ತಿರುವುದೇ. ಹೊಸದೇನಾದರೂ ಇದ್ದರೆ ಆ ಸೊನ್ನೆಗಳಲ್ಲಿದೆ. ರೋಗ ಬಂದವರನ್ನು ಎಣಿಸಿದ್ದಾಳೆ, ಇನ್ನು ಬಾರದವರನ್ನು ಕೇಳಲಿ. ಯಾವ ನೀರು ಕುಡಿಯುತ್ತಾರೆ, ಹೇಗೆ ತುಂಬುತ್ತಾರೆ? ಎರಡೂ ಕಡೆಯವರು ಕುಡಿಯುವ ನೀರನ್ನು ಬಾಟಲಿಯಲ್ಲಿ ಬಿಸಿಲಿಗೆ ಹಿಡಿದು ನೋಡಲಿ.'

ಕನಕಮ್ಮ ಆ ಕಾಗದವನ್ನು ಬಸ್ಸಿನಲ್ಲಿ ಮೂರು ಸಲ ಓದಿದಳು. ಅವಳ ಮಾತಿಗೆ ಯಾರೂ ಇಷ್ಟು ಉದ್ದ ಉತ್ತರ ಕೊಟ್ಟಿರಲಿಲ್ಲ.

ಮರುದಿನ ಊರ ಮೆಟ್ಟಿಲುಬಾವಿಗೆ ಹೋಗಿ, ಇಳಿಯದೆ ಮೇಲೆಯೇ ನಿಂತಳು. ಹೆಂಗಸರು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಹುಣ್ಣಿನ ಕಾಲು ನೆನೆಸುತ್ತಲೇ ಕೊಡ ಮುಳುಗಿಸುತ್ತಿದ್ದರು. ಕರಿಯಕ್ಕ ಎಂಬವಳು ಕೆಳಗಿನಿಂದ ಬಾಟಲಿ ತುಂಬಿ ತಂದು ಕಟ್ಟೆಯ ಮೇಲಿಟ್ಟು ಸರಿದಳು. ಬಿಸಿಲಿಗೆ ಹಿಡಿದರೆ ಬಿಳಿ ಚುಕ್ಕೆಗಳು ಪುಟಪುಟ ನೆಗೆದವು. ಆ ನಲವತ್ತೆರಡು ಮನೆಯವರು ಅರ್ಧ ಮೈಲಿ ದೂರದ ಹಳ್ಳದಲ್ಲಿ ಉಸುಕು ತೋಡಿ, ಒರತೆಯ ನೀರನ್ನು ಚಂಬಿನಿಂದ ತುಂಬುತ್ತಿದ್ದರು. ಆ ಬಾಟಲಿಯಲ್ಲಿ ಏನೂ ನೆಗೆಯಲಿಲ್ಲ.

'ಭೇಷ್,' ಎಂದು ಎರಡನೇ ಕಾಗದ ಬಂತು. 'ನೆಗೆಯುವುದು ನೀರುಚಿಗಟ. ಹುಣ್ಣಿನ ಕಾಲು ನೀರಿಗಿಳಿದಾಗ ಹುಳ ಮರಿ ಹಾಕುತ್ತದೆ, ಚಿಗಟ ಆ ಮರಿಯನ್ನು ನುಂಗುತ್ತದೆ, ಮನುಷ್ಯ ಆ ಚಿಗಟವನ್ನು ಕುಡಿಯುತ್ತಾನೆ. ವರ್ಷ ಕಳೆದರೆ ಕಾಲಲ್ಲಿ ಹುಳ. ಉಸುಕಿನಲ್ಲಿ ಸೋಸಿ ಬಂದ ನೀರಿನಲ್ಲಿ ಚಿಗಟವಿಲ್ಲ. ನಾನೇ ಬಂದು ನೋಡುತ್ತೇನೆ.'

ಬೇಸಿಗೆಯ ಒಂದು ಬೆಳಿಗ್ಗೆ ಜೀಪು ಬಂತು. ಡಾಕ್ಟರು ಮೈಸೂರು ಕಡೆಯವರು, ನಗುಮುಖದವರು. ಬಾವಿಯನ್ನೂ ಹಳ್ಳವನ್ನೂ ನೋಡಿ ಕನಕಮ್ಮನನ್ನು ಕೇಳಿದರು.

"ಬಾವಿ ಇಷ್ಟು ಹತ್ತಿರ ಇದೆ. ಅವರೇಕಮ್ಮ ಬರುವುದಿಲ್ಲ?"

"ಬರಂಗಿಲ್ರಿ ಸರ್."

'ಬರುವ ರೂಢಿಯಿಲ್ಲ' ಎಂದು ಡಾಕ್ಟರು ಬರೆದುಕೊಂಡರು. ನಾಗೇಂದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಬೇವಿನ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ಬಾವಿ ನೀರಿನ ಒಂದು ಹನಿ ಹಾಕಿದರು. ಊರ ಹಿರಿಯ ಗಾದಿಲಿಂಗಪ್ಪನನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಮೂರು ತಿಂಗಳಿನಿಂದ ಅವನ ಮೀನಖಂಡಕ್ಕೆ ಕಡ್ಡಿ ಕಟ್ಟಿತ್ತು. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಇದನ್ನ ಕುಡದೇವೇನ್ರಿ ನಾವು?"

"ಹೌದು. ಬಾವಿಯ ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಬೇಕು. ಕೊಳವೆಬಾವಿಗೂ ನಾನು ಬರೆಯುತ್ತೇನೆ. ಎರಡು ವರ್ಷ ಹಿಡಿಯಬಹುದು."

"ಅಲ್ಲೀತನಕ ಏನ್ ಮಾಡೂದ್ರಿ?"

"ನೀರು ಸೋಸಿ, ಕುದಿಸಿ ಕುಡಿಯಿರಿ."

"ಹೊಲಕ್ಕ ಹೋಗೋ ಮಂದಿ ದಿನಾ ಎಲ್ಲಿ ಕುದಸ್ತಾರ್ರಿ?"

ಡಾಕ್ಟರು ಕನಕಮ್ಮನತ್ತ ಕೈ ತೋರಿದರು. "ಒಳ್ಳೆಯ ನೀರನ್ನು ಈ ಹುಡುಗಿ ಕಂಡುಹಿಡಿದಿದ್ದಾಳಲ್ಲ. ಹಳ್ಳದ್ದು."

ಎಲ್ಲರೂ ಅವಳತ್ತ ತಿರುಗಿದರು. ಗಾದಿಲಿಂಗಪ್ಪ ತಲೆದೂಗಿದ. "ಶಾಣ್ಯಾಕಿ. ನಮ್ಮ ಊರ ಹುಡುಗಿ."

ಜೀಪಿನ ಪಕ್ಕ ನಿಂತಿದ್ದ ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಸರ್, ಅಲ್ಲಿ ನೀರು ಬಾಳ ಕಡಿಮಿ ಐತ್ರಿ."

"ಇನ್ನೂ ಆಳ ತೋಡಿದರೆ ಸಿಗುತ್ತದೆ ಬಿಡಮ್ಮ," ಎಂದು ಡಾಕ್ಟರು ಅವಳ ಬೆನ್ನು ತಟ್ಟಿ ಜೀಪು ಹತ್ತಿದರು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋದವಳೇ, "ಹಳ್ಳದ ಪುಟ ತಗದ್ಹಾಕ್ರಿ ಸರ್," ಎಂದಳು.

"ಆ ಪುಟ ಇಲ್ದಿದ್ರ ಏನು ಉಳಿತೈತಿ?" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. "ಅಲ್ಲದ, ಹೇಳಿದ್ದು ಹೇಳಿ ಆತಲ್ಲವ್ವ."

ಬಳ್ಳಾರಿಯ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ತೀರ್ಪುಗಾರರು ಕೊನೆಯ ಪುಟವನ್ನೇ ಮೆಚ್ಚಿದರು.

ಮರುದಿನ ಮಧ್ಯಾಹ್ನ ಬಸ್ಸಿಳಿದು ಹಳ್ಳದ ದಾರಿ ಹಿಡಿದಾಗ ಉಸುಕಿನ ಸುತ್ತ ಜಾಲಿಮುಳ್ಳಿನ ಬೇಲಿ ಕಂಡಿತು, ಈ ದಂಡೆಯಿಂದ ಆ ದಂಡೆಯವರೆಗೆ. ಒಳಗೆ, ಇಷ್ಟು ದಿನ ಬಾವಿಗೆ ಹೋಗುತ್ತಿದ್ದ ಹೆಂಗಸರು ಕೊಡ ತುಂಬುತ್ತಿದ್ದರು. ಹೊರಗೆ ನಲವತ್ತೆರಡು ಮನೆಯವರು ಖಾಲಿ ಕೊಡ ಹಿಡಿದು ಕೂತಿದ್ದರು. ಅವರ ನಡುವೆ ಅವಳ ತಾಯಿ ಗಿಡ್ಡಮ್ಮ.

"ಇಲ್ಲಿ ನೀರು ಚಲೋ ಐತಂತ ನೀನ ಬರದು ಕೊಟ್ಟಿಯಂತ. ಹೌದೇನು?" ಎಂದು ತಾಯಿ ಮೆಲ್ಲಗೆ ಕೇಳಿದಳು.

ಕನಕಮ್ಮ ತಾಯಿಯ ಕೈಯಿಂದ ಖಾಲಿ ಕೊಡ ತೆಗೆದುಕೊಂಡಳು.

ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದ ಗಾದಿಲಿಂಗಪ್ಪ ಅವರತ್ತ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕರುಣೆಯೇ ಇತ್ತು.

"ಹೆದರಬ್ಯಾಡ ಗಿಡ್ಡಮ್ಮ, ನಿಮ್ಮನ್ನ ನೀರಿಲ್ದಂಗ ಬಿಡ್ತೀವೇನು? ನಮ್ಮ ಮುತ್ತಾತನ ಕಾಲದಿಂದ ನಿಮ್ಮ ಕೇರಿಯೋರನ್ನ ಬಾವಿ ಮೆಟ್ಲ ತುಳಿಯಾಕ ಬಿಟ್ಟಿರಲಿಲ್ಲ. ಇವತ್ತಿಂದ ಬಾವಿ ನಿಮಗ, ಇಳದು ಬೇಕಾದಷ್ಟು ತುಂಬ್ಕೋರಿ."